ಚಿಯಾಂಗ್ ಮಾಯ್‌ನ ಕೆಂಪು ಗಾಡಿ: ಅಮ್ಮನ ಜೊತೆ ಎಂಟು ದಿನ ಓಡಾಡಿ ಬಂದ ಮೇಲೆ

ಥಾಯ್ಲೆಂಡಿನ ಉತ್ತರದಲ್ಲಿರುವ ಚಿಯಾಂಗ್ ಮಾಯ್‌ಗೆ ಹೋಗುವವರು ದೇವಸ್ಥಾನ, ಮಾರ್ಕೆಟ್, ಊಟ ಎಲ್ಲಾ ಮೊದಲೇ ವಿಚಾರಿಸಿಕೊಳ್ಳುತ್ತಾರೆ. ಊರೊಳಗೆ ಓಡಾಡುವುದು ಹೇಗೆ ಅನ್ನೋದು ಮಾತ್ರ ಅಲ್ಲಿ ಇಳಿದ ಮೇಲೆ ನೆನಪಾಗುತ್ತದೆ. ಬ್ಯಾಂಕಾಕ್ ನೋಡಿಕೊಂಡು ಬಂದವರಿಗಂತೂ ಇದು ದೊಡ್ಡ ವ್ಯತ್ಯಾಸ. ಅಲ್ಲಿ ಕಂಬದ ಮೇಲೆ ಓಡುವ ರೈಲಿದೆ, ನೆಲದೊಳಗೆ ಮೆಟ್ರೋ ಇದೆ, ನದಿಯಲ್ಲಿ ದೋಣಿ ಇದೆ. ಇಲ್ಲಿ ಅದ್ಯಾವುದೂ ಇಲ್ಲ. ಬ್ಯಾಂಕಾಕಿನಿಂದ 751 ಕಿಲೋಮೀಟರ್ ಬಂದು ರೈಲು ಹಳಿ ಇಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಎಲ್ಲಾ ರಸ್ತೆಯ ಮೇಲೆಯೇ. ಸಿಟಿ ಬಸ್ಸಿನ ಕಥೆ ಇನ್ನೊಂದು. 2018ರಲ್ಲಿ ಆರ್‌ಟಿಸಿ ಅನ್ನೋ ಹೆಸರಲ್ಲಿ ಒಳ್ಳೆಯ ಏಸಿ ಬಸ್ಸುಗಳು ಶುರುವಾಗಿದ್ದವು, ಕೊರೊನಾ ಕಾಲದಲ್ಲಿ ನಿಂತವು. ಬಸ್ಸನ್ನೇ ನಂಬಿಕೊಂಡು ದಿನದ ಪ್ಲಾನ್ ಹಾಕಬೇಡಿ. ಸಿಕ್ಕರೆ ಹತ್ತಿ, ಅಷ್ಟೇ.

ಊರಿನ ಜನರಲ್ಲಿ ಹೆಚ್ಚಿನವರ ಹತ್ತಿರ ಸ್ವಂತ ಸ್ಕೂಟರ್ ಇದೆ. ಇಲ್ಲದವರಿಗೆ, ವಯಸ್ಸಾದವರಿಗೆ, ಸ್ಕೂಲ್ ಮಕ್ಕಳಿಗೆ, ಮಾರ್ಕೆಟ್‌ನಿಂದ ಎರಡು ಕೈಯಲ್ಲೂ ಚೀಲ ಹಿಡಿದುಕೊಂಡು ಬರುವ ಹೆಂಗಸರಿಗೆ ಇರುವುದು ಕೆಂಪು ಗಾಡಿ. ಥಾಯ್ ಭಾಷೆಯಲ್ಲಿ ಸೊಂಗ್‌ತೇವ್. ಸೊಂಗ್ ಅಂದರೆ ಎರಡು, ತೇವ್ ಅಂದರೆ ಸಾಲು. ಪಿಕಪ್ ಗಾಡಿಯ ಹಿಂಭಾಗಕ್ಕೆ ಮೇಲೆ ತಗಡಿನ ಗೂಡು ಕಟ್ಟಿ, ಒಳಗೆ ಎದುರುಬದುರಾಗಿ ಎರಡು ಉದ್ದನೆಯ ಬೆಂಚು ಹಾಕಿರುತ್ತಾರೆ. ಅದಕ್ಕೇ ಆ ಹೆಸರು. ಊರೊಳಗೆ ಓಡುವುದು ಕೆಂಪು ಬಣ್ಣದ್ದು, ಹಾಗಾಗಿ ಊರವರು ರೊಟ್ ದೇಂಗ್, ಅಂದರೆ ಕೆಂಪು ಗಾಡಿ ಅಂತಲೇ ಕರೆಯುತ್ತಾರೆ. ನಾನು ಬರೆಯುತ್ತಿರುವುದು ಮುಖ್ಯವಾಗಿ ಇದರ ಬಗ್ಗೆ. ಎಂಟು ದಿನದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಸಲ ಹತ್ತಿದ್ದೇವೆ. ಜೊತೆಗೆ ಅಮ್ಮ ಇದ್ದರು, ಅವರಿಗೆ ಎರಡೂ ಮಂಡಿ ನೋವು. ಆದ್ದರಿಂದ ನಾನು ಹೇಳುವುದು ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಓಡುವ ಹುಡುಗರ ಲೆಕ್ಕ ಅಲ್ಲ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರ ಲೆಕ್ಕ.

ಈ ಗಾಡಿಗೆ ಸ್ಟಾಪ್ ಇಲ್ಲ, ನಂಬರ್ ನೋಡಿ ಹತ್ತುವ ಪದ್ಧತಿ ಇಲ್ಲ, ಟೈಮ್ ಟೇಬಲ್ ಇಲ್ಲ. ರಸ್ತೆ ಬದಿ ನಿಂತು ಕೈ ಚಾಚಬೇಕು. ಗಾಡಿ ಪಕ್ಕಕ್ಕೆ ಬಂದು ನಿಧಾನ ಆಗುತ್ತದೆ. ಎಡಗಡೆಯ ಕಿಟಕಿಯಿಂದ ಡ್ರೈವರ್‌ಗೆ ಹೋಗಬೇಕಾದ ಜಾಗ ಹೇಳಬೇಕು. ಅವರು ಆ ಕಡೆಗೇ ಹೋಗುತ್ತಿದ್ದರೆ, ಒಳಗಿರುವ ಜನರಿಗೂ ಅದು ದಾರಿಯಲ್ಲೇ ಸಿಗುವಂತಿದ್ದರೆ, ತಲೆ ಆಡಿಸುತ್ತಾರೆ. ಇಲ್ಲದಿದ್ದರೆ ಕೈ ಆಡಿಸಿ ಮುಂದೆ ಹೋಗುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಎರಡು ನಿಮಿಷಕ್ಕೆ ಇನ್ನೊಂದು ಬರುತ್ತದೆ. ನಾವು ಹೋದಾಗ ಊರೊಳಗೆ ಒಬ್ಬರಿಗೆ 30 ಬಾಟ್. ದುಡ್ಡು ಕೊಡುವುದು ಇಳಿದ ಮೇಲೆ, ಅದೇ ಎಡಗಡೆ ಕಿಟಕಿಯಲ್ಲಿ. ಇಳಿಯಬೇಕಾದಾಗ ಒಳಗೆ ತಲೆ ಮೇಲಿನ ಗುಂಡಿ ಒತ್ತಿದರೆ ಮುಂದೆ ಡ್ರೈವರ್‌ಗೆ ಬೆಲ್ ಕೇಳಿಸುತ್ತದೆ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ, ಯಾಕೆಂದರೆ ಈ ಗಾಡಿ ಬಗ್ಗೆ ಬರುವ ದೂರುಗಳೆಲ್ಲ ಸುಮಾರಾಗಿ ಇದರಿಂದಲೇ ಹುಟ್ಟುವುದು. ಇದೇ ಗಾಡಿ ಶೇರ್ ಆಟೋ ಥರಾನೂ ಓಡುತ್ತದೆ, ಬಾಡಿಗೆ ಟ್ಯಾಕ್ಸಿ ಥರಾನೂ ಓಡುತ್ತದೆ. ಓಡುತ್ತಿರುವ ಗಾಡಿಗೆ ಕೈ ತೋರಿಸಿದರೆ ಅದು ಶೇರ್. ನಿಂತಿರುವ ಗಾಡಿಯ ಹತ್ತಿರ ಹೋಗಿ ‘ಎಷ್ಟು?’ ಅಂತ ಕೇಳಿದರೆ ಅದು ಪೂರ್ತಿ ಗಾಡಿಯ ಬಾಡಿಗೆ ಅಂತ ಅವರು ಅರ್ಥ ಮಾಡಿಕೊಳ್ಳುತ್ತಾರೆ, ಅದಕ್ಕೆ ತಕ್ಕ ರೇಟ್ ಹೇಳುತ್ತಾರೆ. ಎರಡನೇ ದಿನ, ಭಾನುವಾರ ರಾತ್ರಿ, ಹಳೇ ಊರಿನ ಪೂರ್ವದ ಬಾಗಿಲು ತಾ ಪೇ ಗೇಟ್ ಹತ್ತಿರ ನಮಗೆ ಆಗಿದ್ದು ಇದೇ. ಭಾನುವಾರ ಸಂಜೆ ರಾಚದಮ್ನೋನ್ ರಸ್ತೆಯಲ್ಲಿ ಗಾಡಿ ಬಿಡುವುದಿಲ್ಲ, ರಸ್ತೆ ತುಂಬಾ ಸಂತೆ. ಅಲ್ಲಿಂದ ಹೊರಗೆ ಬಂದು ಗೇಟ್ ಮುಂದೆ ಸಾಲಾಗಿ ನಿಂತಿದ್ದ ಗಾಡಿಗಳಲ್ಲಿ ಒಂದಕ್ಕೆ, ನಮ್ಮ ರೂಮ್ ಇದ್ದ ನಿಮ್ಮಾನ್ ಕಡೆಗೆ ಎಷ್ಟು ಅಂತ ಕೇಳಿದೆ. 200 ಬಾಟ್ ಅಂದರು. ಅಮ್ಮನಿಗೆ ಕಾಲು ನೋಯುತ್ತಿತ್ತು, ಕೊಟ್ಟುಬಿಡೋಣ ಅನ್ನಿಸಿತು. ಅಮ್ಮನೇ ‘ಬೇಡ ಕಣೋ, ಸ್ವಲ್ಪ ಮುಂದೆ ಹೋಗಿ ನೋಡೋಣ’ ಅಂದರು. ಗದ್ದಲ ದಾಟಿ, ಹಳೇ ಊರಿನ ಸುತ್ತ ಇರುವ ಕಂದಕದ ಪಕ್ಕದ ರಸ್ತೆಯಲ್ಲಿ ಇನ್ನೂರು ಹೆಜ್ಜೆ ನಡೆದು, ಬರುತ್ತಿದ್ದ ಗಾಡಿಗೆ ಕೈ ತೋರಿಸಿದೆವು. ಇಬ್ಬರಿಗೆ 60 ಬಾಟ್. ಒಳಗೆ ಇನ್ನೂ ನಾಲ್ಕು ಜನ ಇದ್ದರು, ಒಬ್ಬ ಹುಡುಗಿ ಅಮ್ಮನಿಗೆ ತುದಿಯ ಜಾಗ ಬಿಟ್ಟುಕೊಟ್ಟಳು. ಆವತ್ತಿನಿಂದ ಊರೊಳಗಿನ ಓಡಾಟಕ್ಕೆ ನಿಂತ ಗಾಡಿಯನ್ನು ನಾವು ಕೇಳಲೇ ಇಲ್ಲ.

ಹಾಗಾಗಿ ಎಷ್ಟು ಅಂತ ಕೇಳಬೇಡಿ, ಜಾಗದ ಹೆಸರು ಹೇಳಿ, ಆಮೇಲೆ ನೀವೇ ‘ಸಾಮ್ ಸಿಪ್’ ಅನ್ನಿ. ಸಾಮ್ ಸಿಪ್ ಅಂದರೆ ಮೂವತ್ತು. ಅವರು ಹೂಂ ಅಂದರೆ ಹತ್ತಿ. ಇನ್ನೂ ಒಂದು, ಗೆಸ್ಟ್‌ಹೌಸ್ ಹೆಸರು ಹೇಳಿದರೆ ಹೆಚ್ಚಿನ ಡ್ರೈವರ್‌ಗಳಿಗೆ ಗೊತ್ತಾಗುವುದಿಲ್ಲ. ಹತ್ತಿರದ ದೇವಸ್ಥಾನ, ಮಾರ್ಕೆಟ್ ಅಥವಾ ಗೇಟ್ ಹೆಸರು ಹೇಳಬೇಕು. ವಾಟ್ ಫ್ರಾ ಸಿಂಗ್, ವಾಟ್ ಚೆದಿ ಲುವಾಂಗ್, ವರೋರೊಟ್ ಮಾರ್ಕೆಟ್, ಪ್ರತು ತಾ ಪೇ. ವಾಟ್ ಅಂದರೆ ದೇವಸ್ಥಾನ, ಪ್ರತು ಅಂದರೆ ಬಾಗಿಲು. ಈ ನಾಲ್ಕೈದು ಹೆಸರು ಬಾಯಿಗೆ ಬಂದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಕೆಲಸ ಯಾವ ಬದಿಗೆ ನಿಲ್ಲುತ್ತೀರಿ ಅನ್ನೋದು. ಹಳೇ ಊರು ಒಂದು ಚೌಕ. 1296ರಲ್ಲಿ ಮಂಗ್ರಾಯ್ ರಾಜ ಕಟ್ಟಿಸಿದ ಊರಿದು, ಚೌಕದ ಒಂದೊಂದು ಬದಿಯೂ ಸುಮಾರು ಒಂದೂವರೆ ಕಿಲೋಮೀಟರ್, ಸುತ್ತ ನೀರಿನ ಕಂದಕ. ಕಂದಕದ ಒಳಬದಿಯಲ್ಲಿ ಒಂದು ರಸ್ತೆ, ಹೊರಬದಿಯಲ್ಲಿ ಒಂದು ರಸ್ತೆ. ಎರಡೂ ಒನ್‌ವೇ, ಒಂದು ಒಂದು ದಿಕ್ಕಿಗೆ ಹೋದರೆ ಇನ್ನೊಂದು ಅದರ ಎದುರು ದಿಕ್ಕಿಗೆ. ಮ್ಯಾಪ್‌ನಲ್ಲಿ ನೋಡಿದರೆ ಹೋಗಬೇಕಾದ ಜಾಗ ಕಣ್ಣೆದುರಿಗೇ ಇದೆ ಅನ್ನಿಸುತ್ತದೆ, ಆದರೆ ನೀವು ನಿಂತ ಬದಿಯ ಗಾಡಿ ಅಲ್ಲಿಗೆ ಹೋಗಬೇಕಾದರೆ ಮುಂದಿನ ತಿರುವಿನವರೆಗೂ ಹೋಗಿ ಸುತ್ತಿಕೊಂಡು ಬರಬೇಕು. ಡ್ರೈವರ್ ಬೇಡ ಅನ್ನುವುದು ಅದಕ್ಕೇ, ಅಥವಾ ಜಾಸ್ತಿ ಕೇಳುವುದೂ ಅದಕ್ಕೇ. ಮೊದಲ ದಿನ ಮೂರು ಗಾಡಿ ಒಂದಾದ ಮೇಲೊಂದು ಬೇಡ ಅಂದಾಗ ನನಗೆ ಬೇಸರ ಆಗಿತ್ತು. ಕಂದಕದ ಮೇಲಿನ ಸಣ್ಣ ಸೇತುವೆ ದಾಟಿ ಆ ಬದಿಗೆ ಹೋಗಿ ನಿಂತ ಕೂಡಲೇ ಮೊದಲ ಗಾಡಿಯೇ ಹತ್ತಿಸಿಕೊಂಡಿತು. ರಸ್ತೆ ದಾಟಲು ಐದು ನಿಮಿಷ ಹೋಗಬಹುದು, ಆದರೂ ಮಾಡಿ. ಹಾಗೆಯೇ, ಹಳೇ ಊರಿನೊಳಗೆ ಇರುವ ಚಿಕ್ಕ ಚಿಕ್ಕ ಸೋಯ್‌ಗಳಲ್ಲಿ, ಅಂದರೆ ಗಲ್ಲಿಗಳಲ್ಲಿ, ನಿಂತು ಕಾಯಬೇಡಿ. ದೊಡ್ಡ ರಸ್ತೆಗೆ ಬನ್ನಿ.

ಈಗ ಅಮ್ಮನ ಮಂಡಿಯ ವಿಷಯ. ಗಾಡಿಯ ಹಿಂದೆ ಹತ್ತಲು ಒಂದು ಕಬ್ಬಿಣದ ಮೆಟ್ಟಿಲು ಇರುತ್ತದೆ, ಅದು ನೆಲದಿಂದ ಎತ್ತರ. ಎರಡೂ ಬದಿಗೆ ಹಿಡಿದುಕೊಳ್ಳಲು ಕಂಬಿ ಇದೆ. ಹತ್ತಿದ ಮೇಲೆ ಪೂರ್ತಿ ನಿಲ್ಲುವ ಹಾಗಿಲ್ಲ, ಬಗ್ಗಿಕೊಂಡೇ ಹೋಗಿ ಕೂರಬೇಕು. ಬಗ್ಗಿದಾಗ ಮಂಡಿಯ ಮೇಲೆ ಪೂರ್ತಿ ಭಾರ ಬೀಳುತ್ತದೆ. ಮೊದಲ ಎರಡು ಸಲ ಅಮ್ಮ ತುಂಬಾ ಕಷ್ಟಪಟ್ಟರು, ನನಗೆ ಇದನ್ನು ಬಿಟ್ಟು ಕಾರೇ ತಗೊಳ್ಳೋಣ ಅನ್ನಿಸಿತ್ತು. ಮೂರನೇ ಸಲ ವರೋರೊಟ್ ಮಾರ್ಕೆಟ್ ಹತ್ತಿರ ಒಬ್ಬ ಡ್ರೈವರ್, ಅರವತ್ತು ದಾಟಿದವರು, ಅಮ್ಮ ಮೆಟ್ಟಿಲ ಮುಂದೆ ನಿಂತು ಸೀರೆ ಸರಿ ಮಾಡಿಕೊಳ್ಳುವುದನ್ನು ಕನ್ನಡಿಯಲ್ಲಿ ನೋಡಿದರು. ಗಾಡಿ ಆಫ್ ಮಾಡಿ ಇಳಿದು ಬಂದು ‘ಮೇ, ಮೇ’ ಅಂತ ಕರೆದು, ಮುಂದಿನ ಎಡ ಬಾಗಿಲು ತೆಗೆದು ತಮ್ಮ ಪಕ್ಕದ ಸೀಟು ತೋರಿಸಿದರು. ಥಾಯ್ ಭಾಷೆಯಲ್ಲಿ ಮೇ ಅಂದರೆ ಅಮ್ಮ. ಸೀಟಿನ ಮೇಲಿದ್ದ ನೀರಿನ ಬಾಟಲಿ, ಒಂದು ಟವೆಲ್ ತೆಗೆದು ಹಿಂದೆ ಇಟ್ಟರು. ಕನ್ನಡಿಗೆ ಮಲ್ಲಿಗೆಯ ಮಾಲೆ ತೂಗುತ್ತಿತ್ತು, ಅಮ್ಮ ಅದನ್ನೇ ನೋಡುತ್ತಾ ಕೂತರು. ರೇಟ್ ಅದೇ 30. ಆಮೇಲೆ ನಾನೇ ಕೇಳಲು ಶುರು ಮಾಡಿದೆ, ಮುಂದಿನ ಸೀಟು ಖಾಲಿ ಇದ್ದರೆ ಯಾರೂ ಇಲ್ಲ ಅನ್ನಲಿಲ್ಲ. ವಯಸ್ಸಾದ ಡ್ರೈವರ್‌ಗಳನ್ನು ಅಲ್ಲಿ ಲುಂಗ್ ಅನ್ನುತ್ತಾರೆ, ಅಂದರೆ ದೊಡ್ಡಪ್ಪ ಅಥವಾ ಸೋದರಮಾವನ ಥರ. ‘ಲುಂಗ್’ ಅಂತ ಕರೆದು ಮುಂದಿನ ಸೀಟಿನ ಕಡೆ ಕೈ ತೋರಿಸಿದರೆ ಸಾಕು, ಅರ್ಥ ಆಗುತ್ತದೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದೊಂದನ್ನು ಮರೆಯಬೇಡಿ.

ಊರಿನ ಪಕ್ಕದ ಬೆಟ್ಟದ ಮೇಲಿರುವ ದೇವಸ್ಥಾನ, ದೊಯ್ ಸುತೇಪ್‌ಗೆ ಹೋಗುವುದೂ ಇದೇ ಕೆಂಪು ಗಾಡಿಯಲ್ಲೇ, ಆದರೆ ನಿಯಮ ಬೇರೆ. ಉತ್ತರದ ಚಾಂಗ್ ಫುವಾಕ್ ಗೇಟ್ ಹತ್ತಿರ, ಆಮೇಲೆ ಯೂನಿವರ್ಸಿಟಿ ಮತ್ತು ಜೂ ಕಡೆ, ಬೆಟ್ಟಕ್ಕೆ ಹೋಗುವ ಗಾಡಿಗಳು ಬೋರ್ಡ್ ಹಾಕಿಕೊಂಡು ನಿಂತಿರುತ್ತವೆ. ದೇವಸ್ಥಾನದವರೆಗೆ ಒಂದು ರೇಟ್, ಅಲ್ಲಿಂದ ಮುಂದೆ ಅರಮನೆ, ಮೋಂಗ್ ಬುಡಕಟ್ಟಿನವರ ಹಳ್ಳಿ ಅಂದರೆ ಬೇರೆ ರೇಟ್. ಹತ್ತು ಜನ ಆಗುವ ತನಕ ಕಾಯುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಹೋದ ನಮಗೆ ಇಪ್ಪತ್ತು ನಿಮಿಷದಲ್ಲಿ ಗಾಡಿ ತುಂಬಿತು, ತಡವಾಗಿ ಹೋದರೆ ಜಾಸ್ತಿ ಕಾಯಬೇಕಾಗಬಹುದು. ರಸ್ತೆ ಪೂರ್ತಿ ತಿರುವು. ಪಕ್ಕಕ್ಕೆ ಮುಖ ಮಾಡಿ ಕೂರುವುದರಿಂದ ವಾಂತಿ ಬರುವವರಿಗೆ ಕಷ್ಟ. ಹಿಂದಿನ ಬಾಗಿಲ ಹತ್ತಿರ ಕೂತರೆ ಗಾಳಿ ಬರುತ್ತದೆ, ಹೊಟ್ಟೆ ತುಂಬಾ ತಿಂದು ಹತ್ತಬೇಡಿ. ಅಮ್ಮ ಮುಂದೆ ಕೂತಿದ್ದರಿಂದ ಆರಾಮಾಗಿದ್ದರು.

ಈ ರಸ್ತೆಯ ಕಥೆ ಕೇಳಿದ ಮೇಲೆ ನನಗೆ ಆ ಪ್ರಯಾಣದ ಬೆಲೆಯೇ ಬೇರೆ ಆಯಿತು. ಬೆಟ್ಟದ ಬುಡದಲ್ಲಿ ಒಬ್ಬ ಭಿಕ್ಷುವಿನ ಪ್ರತಿಮೆ ಇದೆ, ಖ್ರೂಬಾ ಸಿವಿಚೈ. 1934ರ ನವೆಂಬರ್‌ನಲ್ಲಿ ಅವರು ಈ ರಸ್ತೆ ಕೆಲಸ ಶುರು ಮಾಡಿಸಿದರು, 1935ರ ಏಪ್ರಿಲ್ ಮುಗಿಯುವಷ್ಟರಲ್ಲಿ ರಸ್ತೆ ಸಿದ್ಧ. ಸರ್ಕಾರದ ದುಡ್ಡಲ್ಲ, ಸುತ್ತಲಿನ ಹಳ್ಳಿಗಳ ಜನ ತಾವೇ ಗುದ್ದಲಿ ಹಿಡಿದು ಬಂದು ಅಗೆದ ರಸ್ತೆ. ಅದಕ್ಕೂ ಮೊದಲು ದೇವಸ್ಥಾನಕ್ಕೆ ಹೋಗಬೇಕೆಂದರೆ ಕಾಡಿನಲ್ಲಿ ನಡೆದೇ ಹತ್ತಬೇಕಿತ್ತು. ಪ್ರತಿಮೆ ಮುಂದೆ ದಾಟುವಾಗ ನಮ್ಮ ಡ್ರೈವರ್ ಸ್ಟೀರಿಂಗ್‌ನಿಂದ ಒಂದು ಕೈ ತೆಗೆದು ಹಣೆಗೆ ಮುಟ್ಟಿಸಿಕೊಂಡರಂತೆ, ಅಮ್ಮ ಆಮೇಲೆ ಹೇಳಿದರು. ಮೇಲೆ ಹೋದ ಮೇಲೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲಿವೆ, ಎರಡೂ ಬದಿಗೆ ನಾಗನ ಕಟ್ಟೆ. ಮಂಡಿ ನೋವಿರುವವರಿಗೆ ಪಕ್ಕದಲ್ಲೇ ಹಳಿ ಮೇಲೆ ಹೋಗುವ ಲಿಫ್ಟ್ ಇದೆ, ಟಿಕೆಟ್ ತಗೊಂಡು ಅದರಲ್ಲೇ ಹೋಗಿ.

ಊರಿಂದ ಹೊರಗೆ ಹೋಗಲು ಬೇರೆ ಬಣ್ಣದ ಗಾಡಿಗಳಿವೆ. ಇವಕ್ಕೆ ರೂಟ್ ನಿಗದಿ, ಹಾಗಾಗಿ ಚೌಕಾಸಿ ತಲೆನೋವೇ ಇಲ್ಲ. ಬೋ ಸಾಂಗ್‌ನ ಕೊಡೆ ಮಾಡುವ ಊರಿಗೆ ನಾವು ವರೋರೊಟ್ ಮಾರ್ಕೆಟ್ ಹತ್ತಿರದಿಂದ ಬಿಳಿ ಗಾಡಿಯಲ್ಲಿ ಹೋದೆವು. ಅದು ಸಾನ್ ಕಂಪೇಂಗ್ ಕಡೆ ಹೋಗುವ ಗಾಡಿ. ಜೊತೆಗೆ ಸೊಪ್ಪಿನ ಮೂಟೆ, ಒಂದು ಬುಟ್ಟಿ ತುಂಬಾ ಮೊಟ್ಟೆ, ಯೂನಿಫಾರ್ಮ್ ಹಾಕಿದ ಮಕ್ಕಳು. ಇಡೀ ಎಂಟು ದಿನದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯಾಣ ಅದು. ಆದರೆ ಸಂಜೆ ಆದರೆ ಈ ಗಾಡಿಗಳು ಕಡಿಮೆಯಾಗಿಬಿಡುತ್ತವೆ. ವಾಪಸ್ ಬರುವ ಕೊನೆಯ ಗಾಡಿ ಎಷ್ಟೊತ್ತಿಗೆ ಅಂತ ಹೋಗುವಾಗಲೇ ಕೇಳಿಟ್ಟುಕೊಳ್ಳಿ.

ಟ್ಯಾಕ್ಸಿ ಆಪ್ ವಿಷಯ ಬೇಗ ಮುಗಿಸುತ್ತೇನೆ. ಗ್ರ್ಯಾಬ್, ಬೋಲ್ಟ್ ಎರಡೂ ಅಲ್ಲಿ ನಡೆಯುತ್ತವೆ. ರೇಟ್ ಮೊದಲೇ ಗೊತ್ತಾಗುತ್ತದೆ, ಭಾಷೆ ಬೇಕಿಲ್ಲ, ಏಸಿ ಇರುತ್ತದೆ. ಮೂವರು ನಾಲ್ವರು ಇದ್ದರೆ ಲೆಕ್ಕ ಕೆಂಪು ಗಾಡಿಗೆ ಹತ್ತಿರ ಹತ್ತಿರ ಬರುತ್ತದೆ, ಆಗ ಕಾರೇ ಒಳ್ಳೆಯದು. ರಾತ್ರಿ ಹತ್ತರ ಮೇಲೆ ನಾವು ಕಾರೇ ತಗೊಂಡೆವು, ಯಾಕೆಂದರೆ ಆ ಹೊತ್ತಿಗೆ ಕೆಂಪು ಗಾಡಿಗಳು ಕಡಿಮೆ. ಒಂದು ಸಲ ಮಾತ್ರ ಒಬ್ಬ ಡ್ರೈವರ್ ಬರದೆ, ನಾನೇ ಕ್ಯಾನ್ಸಲ್ ಮಾಡಲಿ ಅಂತ ಕಾಯುತ್ತಾ ಹದಿನೈದು ನಿಮಿಷ ಅದೇ ಜಾಗದಲ್ಲಿ ನಿಂತಿದ್ದರು. ಮಳೆ ಬಂದರೆ, ಸಂತೆ ಮುಗಿಯುವ ಹೊತ್ತಾದರೆ ರೇಟ್ ಏರುತ್ತದೆ. ಆಗ ಒಂದು ರಸ್ತೆ ಆಚೆಗೆ ನಡೆದು ಬುಕ್ ಮಾಡಿ. ಟುಕ್‌ಟುಕ್ ನಾವು ಒಂದೇ ಸಲ ಹತ್ತಿದ್ದು. ಸದ್ದು ಜಾಸ್ತಿ, ದುಡ್ಡೂ ಜಾಸ್ತಿ.

ಸ್ಕೂಟರ್ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸುವುದು, ಹಾಗಾಗಿ ‘ಇದರಲ್ಲೇನಿದೆ’ ಅಂತ ಸುಲಭವಾಗಿ ಅನ್ನಿಸುತ್ತದೆ. ಥಾಯ್ಲೆಂಡಿನ ರಸ್ತೆ ಅಪಘಾತಗಳಲ್ಲಿ ಸಾಯುವವರಲ್ಲಿ ಹೆಚ್ಚಿನವರು ದ್ವಿಚಕ್ರದವರು. ನಮ್ಮ ಲೈಸೆನ್ಸ್ ಸಾಲದು, ಹೊರಡುವ ಮೊದಲೇ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಬೇಕು, ಅದರಲ್ಲಿ ಮೋಟಾರ್‌ಸೈಕಲ್‌ಗೂ ಸೀಲ್ ಬಿದ್ದಿರಬೇಕು. ಕಾರಿಗೆ ಮಾತ್ರ ಇದ್ದರೆ ಅದು ಲೆಕ್ಕಕ್ಕಿಲ್ಲ. ಪೊಲೀಸರು ಕಂದಕದ ಸುತ್ತ ನಿಲ್ಲಿಸಿ ನೋಡುತ್ತಾರೆ. ದಂಡ ಹೋಗಲಿ, ಬಿದ್ದು ಪೆಟ್ಟಾದರೆ ಸರಿಯಾದ ಲೈಸೆನ್ಸ್ ಇಲ್ಲ ಅನ್ನುವ ಕಾರಣಕ್ಕೆ ಟ್ರಾವೆಲ್ ಇನ್ಶೂರೆನ್ಸ್‌ನವರು ಕೈ ಎತ್ತಬಹುದು, ಅದು ನಿಜವಾದ ಅಪಾಯ. ನನ್ನ ಹತ್ತಿರ ಪರ್ಮಿಟ್ ಇತ್ತು, ಒಂದು ದಿನ ಅಮ್ಮ ರೆಸ್ಟ್ ತಗೊಂಡಾಗ ಮೇ ರಿಮ್ ಕಡೆಯ ಜಲಪಾತ ನೋಡಿಕೊಂಡು ಬಂದೆ. ಬಾಡಿಗೆಗೆ ಕೊಟ್ಟ ಅಂಗಡಿಯವರು ವಾಪಸ್ ಕೊಡುವಾಗ ಮೊದಲಿಂದಲೇ ಇದ್ದ ಗೀರು ತೋರಿಸಿ 1500 ಬಾಟ್ ಕೇಳಿದರು. ಬೆಳಿಗ್ಗೆ ಗಾಡಿ ಸುತ್ತ ವಿಡಿಯೋ ಮಾಡಿಟ್ಟುಕೊಂಡಿದ್ದೆ, ತೋರಿಸಿದೆ, ಸುಮ್ಮನಾದರು. ಪಾಸ್‌ಪೋರ್ಟ್ ಇಟ್ಟು ಹೋಗಿ ಅಂತ ಕೇಳುವ ಅಂಗಡಿಗೆ ಹೋಗಲೇಬೇಡಿ. ಡೆಪಾಸಿಟ್ ತಗೊಂಡು ಪಾಸ್‌ಪೋರ್ಟ್ ಜೆರಾಕ್ಸ್ ಸಾಕು ಅನ್ನುವವರು ಬೇಕಾದಷ್ಟಿದ್ದಾರೆ.

ನಡೆಯುವುದು? ಹಳೇ ಊರಿನೊಳಗೆ ಬೆಳಿಗ್ಗೆ, ಸಂಜೆ ಚೆನ್ನಾಗಿರುತ್ತದೆ. ಫುಟ್‌ಪಾತ್ ಮಾತ್ರ ನಂಬುವ ಹಾಗಿಲ್ಲ, ಮಧ್ಯದಲ್ಲಿ ಕರೆಂಟ್ ಕಂಬ, ಅಂಗಡಿ ಬೋರ್ಡ್, ಮೇಲೆ ಕೆಳಗೆ ಕಲ್ಲು. ಫೆಬ್ರವರಿಯಿಂದ ಏಪ್ರಿಲ್ ತನಕ ಸುತ್ತಲಿನ ಕಾಡು, ಹೊಲಕ್ಕೆ ಬೆಂಕಿ ಹಾಕುವ ಕಾಲ, ಊರು ತುಂಬಾ ಹೊಗೆ. ಆಗ ನಡಿಗೆಯೂ ಬೇಡ, ಹಿಂದೆ ತೆರೆದಿರುವ ಕೆಂಪು ಗಾಡಿಯೂ ಬೇಡ. ಉಸಿರಾಟದ ತೊಂದರೆ ಇರುವವರನ್ನು ಆ ತಿಂಗಳುಗಳಲ್ಲಿ ಕರೆದುಕೊಂಡು ಹೋಗಲೇಬೇಡಿ. ನಾವು ಹೋಗಿದ್ದು ಡಿಸೆಂಬರ್‌ನಲ್ಲಿ, ಹವೆ ತುಂಬಾ ಚೆನ್ನಾಗಿತ್ತು.

ಇಷ್ಟೆಲ್ಲಾ ಹೇಳಿದ ಮೇಲೆ ರೂಮಿನ ವಿಷಯ ಹೇಳದಿದ್ದರೆ ಆಗುವುದಿಲ್ಲ. ನಾವು ಮೊದಲ ಮೂರು ದಿನ ನಿಮ್ಮಾನ್‌ನ ಒಳಗಿನ ಸೋಯ್‌ನಲ್ಲಿದ್ದೆವು. ರೂಮ್ ಚೆನ್ನಾಗಿತ್ತು, ಆದರೆ ಗಾಡಿ ಸಿಗುವ ರಸ್ತೆಗೆ ಬರಲು ಪ್ರತಿ ಸಲ ಹತ್ತು ನಿಮಿಷ ನಡೆಯಬೇಕಿತ್ತು. ಆಮೇಲೆ ತಾ ಪೇ ಗೇಟ್‌ನಿಂದ ವರೋರೊಟ್ ಮಾರ್ಕೆಟ್‌ಗೆ ಹೋಗುವ ಕಡೆ ರೂಮ್ ಬದಲಾಯಿಸಿದೆವು. ಬಾಗಿಲಿಂದ ಹೊರಗೆ ಬಂದರೆ ಕೆಂಪು ಗಾಡಿ. ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಓಡಾಟದ ಖರ್ಚು, ಸುಸ್ತು ಎರಡೂ ಕಡಿಮೆಯಾಯಿತು. ಸ್ಕೂಟರ್ ಓಡಿಸದವರು ರೂಮ್ ಬುಕ್ ಮಾಡುವಾಗ ಈಜುಕೊಳ ನೋಡುವ ಮೊದಲು ದೊಡ್ಡ ರಸ್ತೆ ಎಷ್ಟು ದೂರ ಅಂತ ನೋಡಿ. ಏರ್‌ಪೋರ್ಟ್ ಚಿಂತೆ ಬೇಡ, ಹಳೇ ಊರಿನಿಂದ ನಾಲ್ಕು ಕಿಲೋಮೀಟರ್ ಆಸುಪಾಸು. ಬಂದಿಳಿದ ದಿನ ಒಳಗಿನ ಟ್ಯಾಕ್ಸಿ ಕೌಂಟರ್‌ನಲ್ಲಿ 150 ಬಾಟ್ ಕೊಟ್ಟು ಬಂದೆವು, ಲಗೇಜ್ ಇದ್ದಾಗ ಅದೇ ಸರಿ.

ನಾನು ಈ ಕೆಂಪು ಗಾಡಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ಎತ್ತರದ ಮೆಟ್ಟಿಲಿಗೆ. ಎಲ್ಲಾ ಗಾಡಿಯಲ್ಲೂ ಕೆಳಗೆ ಇನ್ನೊಂದು ಸಣ್ಣ ಮೆಟ್ಟಿಲು ಹಾಕಿದರೆ ಎಷ್ಟೋ ಅಜ್ಜಿಯರಿಗೆ ಅನುಕೂಲ. ಅಲ್ಲಿಯ ಅಜ್ಜಿಯರೂ ಹಾಗೇ ಕಷ್ಟಪಟ್ಟು ಹತ್ತುವುದನ್ನು ದಿನಾ ನೋಡಿದ್ದೇನೆ.

ಚಿಲ್ಲರೆ ಬಗ್ಗೆ ಹೇಳುವುದು ಬಿಟ್ಟುಹೋಯಿತು. 500, 1000ದ ನೋಟು ಕೊಟ್ಟರೆ ಡ್ರೈವರ್ ಹತ್ತಿರ ಚಿಲ್ಲರೆ ಇರುವುದಿಲ್ಲ, ಹಿಂದೆ ಕೂತವರೆಲ್ಲ ಕಾಯಬೇಕಾಗುತ್ತದೆ. ಬೆಳಿಗ್ಗೆ ತಿಂಡಿ ತಗೊಳ್ಳುವಾಗಲೇ ನೋಟು ಮುರಿಸಿಟ್ಟುಕೊಳ್ಳಿ, 20ರ ನೋಟು, 10ರ ನಾಣ್ಯ. ಈ ಕೆಲಸ ನಮ್ಮಲ್ಲಿ ಅಮ್ಮನದಾಗಿತ್ತು. ಕೊನೆಯ ಎರಡು ದಿನ ಕಿಟಕಿಯಲ್ಲಿ ಜಾಗ ಹೇಳುವುದೂ ಅವರೇ, ‘ತಾ ಪೇ, ಸಾಮ್ ಸಿಪ್, ಖಾ’ ಅಂತ ಅಲ್ಲಿಯ ಹೆಂಗಸರು ಹೇಳುವ ಹಾಗೇ ಕೊನೆಗೆ ಮರ್ಯಾದೆಗೆ ಖಾ ಸೇರಿಸಿ. ಏರ್‌ಪೋರ್ಟ್‌ನಲ್ಲಿ ಉಳಿದ ಬಾಟ್ ಎಲ್ಲಾ ಬದಲಾಯಿಸೋಣ ಅಂದೆ. ದೊಡ್ಡ ನೋಟುಗಳನ್ನು ಕೊಟ್ಟರು. ಮೂರು 20ರ ನೋಟು ಮಾತ್ರ ಪರ್ಸಿನ ಒಳಗಿನ ಜಿಪ್‌ಗೆ ಹಾಕಿ, ‘ಇದು ಇರಲಿ ಬಿಡು, ಮುಂದಿನ ಸಲ ಇಳಿದ ಕೂಡಲೇ ಚಿಲ್ಲರೆ ಬೇಕಾಗುತ್ತೆ’ ಅಂದರು.